ಮೊದಲು ಕೈಯಲ್ಲಿ ತಿರುಗಿಸಿ ನೋಡಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಕೂತಿರುವ ಅಟೆಂಡರ್ ಮಿತ್ರರು ದಯವಿಟ್ಟು ಮುಂದೆ ಬನ್ನಿ, ಶಾಲೆಯ ಫ್ಯಾನ್ ನಿಧಾನವಾದರೆ ಏನು ನೋಡಬೇಕು ಅನ್ನುವ ಇವತ್ತಿನ ಮಾತು ಜಾಸ್ತಿ ನಿಮಗೇ. ಮುಂದೆ ಗಾಳಿ ಬರಲ್ಲ ಅಂತೀರಾ? ಹೌದು, ನನ್ನ ತಲೆ ಮೇಲಿನ ಫ್ಯಾನನ್ನು ನಾನೂ ನೋಡಿದೆ. ಕೂತಲ್ಲೇ ರೆಕ್ಕೆ ಎಣಿಸಬಹುದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಂದು ಕಾಲದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಫ್ಯಾನೇ ಇರಲಿಲ್ಲ. ಇದೇ ಊರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಿತು. ಶೀಟ್ ಹಾಕಿದ ಕೋಣೆಯಲ್ಲಿ ಐವತ್ತು ಮಕ್ಕಳು ಕೂತರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಫ್ಯಾನ್ ನಿಧಾನ ಆಯಿತು ಅಂದ ಕೂಡಲೇ ನಾವು ಒಂದೇ ಅರ್ಜಿ ಬರೆಯುತ್ತೇವೆ, 'ಹಳೆಯದಾಗಿದೆ, ಹೊಸದು ಕೊಡಿಸಿ'. ನನ್ನ ತಕರಾರು ಆ ಅರ್ಜಿಯ ಮೇಲೆ.

ಒಂದು ಶಾಲೆ, ಹೆಸರು ಬೇಡ. ಏಳನೇ ತರಗತಿಯಲ್ಲಿ ನಾಲ್ಕು ಫ್ಯಾನ್. ಕಿಟಕಿ ಪಕ್ಕದ್ದು ಮಾತ್ರ ಅಮ್ಮನ ಮನೆಯಿಂದ ಗಂಡನ ಮನೆಗೆ ಹೊರಟವಳ ಹಾಗೆ ತಿರುಗುತ್ತಿತ್ತು. ರೆಗ್ಯುಲೇಟರ್ ಬದಲಾಯಿಸಿದರು, ಆಗಲಿಲ್ಲ. ಹೊಸ ಫ್ಯಾನೇ ತಂದು ನೇತುಹಾಕಿದರು. ಅದೂ ನಿಧಾನ! ಆ ಜಾಗಕ್ಕೇ ದೃಷ್ಟಿಯಾಗಿದೆ ಅಂತ ಒಬ್ಬರು ನಿಂಬೆಹಣ್ಣು ಕಟ್ಟುವ ಮಾತಾಡಿದರಂತೆ.

ನನ್ನನ್ನು ಕರೆದರು. ಎಂಸಿಬಿ, ಅಂದರೆ ಆ ಲೈನಿನ ಕರೆಂಟನ್ನೇ ಕಡಿಯುವ ಸ್ವಿಚ್, ಆಫ್ ಮಾಡಿಸಿ ಏಣಿ ಹತ್ತಿದೆ. ಕೈಯಲ್ಲಿ ತಿರುಗಿಸಿದೆ. ಬೆಣ್ಣೆ ಥರ ತಿರುಗಿತು. ಅಂದರೆ ಒಳಗಿನ ಗುಂಡುಗಳ ಬಳೆ, ಬೇರಿಂಗ್, ಸರಿ ಇದೆ. ಮೋಟಾರಿಗೆ ತಿರುಗುವ ಒತ್ತು ಕೊಡುವ ಪುಟ್ಟ ಡಬ್ಬಿ, ಕಂಡೆನ್ಸರ್, ಅದೂ ಹೊಸದು. ಇನ್ನೇನು ಅಂತ ತಲೆ ಕೆರೆಯುತ್ತಾ ನಿಂತಿದ್ದಾಗ ಕೊನೆ ಬೆಂಚಿನ ಹುಡುಗ ಎದ್ದು, "ಸಾರ್, ಸ್ವಿಚ್ ಬೋರ್ಡಿಗೆ ಒಂದು ಗುದ್ದು ಕೊಟ್ರೆ ಜೋರಾಗುತ್ತೆ" ಅಂದ. ಟೀಚರ್ ಅವನನ್ನೇ ದುರುಗುಟ್ಟಿ ನೋಡಿದರು. "ದಿನಾ ಗುದ್ದೋನು ನೀನೇನಾ?"

ಬೋರ್ಡ್ ಬಿಚ್ಚಿದೆ. ಒಳಗೆ ವೈರ್ ಎರಡನ್ನು ಕೈಯಲ್ಲೇ ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಕರಗಿ ಕಪ್ಪಾಗಿತ್ತು, ಸುಟ್ಟ ವಾಸನೆ ಬೇರೆ. ಕರೆಂಟ್ ಹಾಕಿಸಿ ಅಳೆದರೆ ಪಕ್ಕದ ಫ್ಯಾನಿಗೆ 228 ವೋಲ್ಟ್ ಹೋಗುತ್ತಿತ್ತು, ಆ ಸಡಿಲ ಜಾಯಿಂಟಿನಿಂದಾಗಿ ಇದಕ್ಕೆ 168. ವೋಲ್ಟೇಜ್ ಮುಕ್ಕಾಲಿಗೆ ಇಳಿದರೆ ತಿರುಗುವ ಬಲ ಮುಕ್ಕಾಲಿಗೆ ನಿಲ್ಲಲ್ಲ, ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತೆ. ಪಾಪ ಹೊಸ ಫ್ಯಾನ್ ಏನು ಮಾಡೀತು? ನಿಧಾನದ ಮಾತು ಬಿಡಿ, ಆ ಜಾಯಿಂಟ್ ಹೊತ್ತಿಕೊಂಡಿದ್ದರೆ?

ಎಲ್ಲ ಕಡೆ ಹೀಗೆ ಕಷ್ಟಪಡಬೇಕಾಗಿಲ್ಲ. ನಾನು ಕಂಡಂತೆ ಜಾಸ್ತಿ ಕೈಕೊಡುವುದು ಕಂಡೆನ್ಸರೇ. ಮಾಮೂಲಿ ಸೀಲಿಂಗ್ ಫ್ಯಾನಿನಲ್ಲಿ ಎರಡು ವೈಂಡಿಂಗ್, ಅಂದರೆ ತಂತಿಯ ಸುರುಳಿ, ಇರುತ್ತೆ. ಎರಡನೆಯದಕ್ಕೆ ಹೋಗುವ ಕರೆಂಟನ್ನು ಕಂಡೆನ್ಸರ್ ಸಮಯದಲ್ಲಿ ಸ್ವಲ್ಪ ಹಿಂದೆಮುಂದೆ ಮಾಡಿದರೇ ಒಳಗಿನ ಕಾಂತಕ್ಷೇತ್ರ ಸುತ್ತು ಹೊಡೆಯುವುದು. ಮೇಲೆ 2.5 ಮೈಕ್ರೋಫ್ಯಾರಡ್ ಅಂತ ಅದರ ಅಳತೆ ಬರೆದಿರುತ್ತೆ. ವರ್ಷಗಟ್ಟಲೆ ಬಿಸಿ ತಿಂದು ತಿಂದು 1.5ಕ್ಕೆ ಬಂದಿರುತ್ತೆ. ಫ್ಯಾನ್ ಗುಂಯ್ ಅನ್ನುತ್ತೆ, ತಳ್ಳಿದರೆ ಮಾತ್ರ ಹೊರಡುತ್ತೆ. ಬೆಂಗಳೂರಿನ ಎಸ್.ಪಿ. ರೋಡ್ ಮಾರ್ಕೆಟ್ಟಿನಲ್ಲಿ ನೂರು ರೂಪಾಯಿ ಒಳಗೆ ಸಿಗುವ ಸಾಮಾನು ಇದು. ಇದಕ್ಕೋಸ್ಕರ ಇಡೀ ಫ್ಯಾನ್ ಗುಜರಿಗೆ ಹಾಕುತ್ತೀವಲ್ಲ! ಹಾಗಂತ ಜೋರಾಗಲಿ ಅಂತ 2.5 ಇದ್ದ ಕಡೆ 4 ಹಾಕಬೇಡಿ. ವೈಂಡಿಂಗ್ ಸುಡುತ್ತೆ.

ಆದರೆ ಕಂಡೆನ್ಸರ್ ತರೋಕೆ ಓಡುವ ಮೊದಲು ಕೈಯಲ್ಲಿ ತಿರುಗಿಸಿ. ಗರಗರ ಅಂತ ಬಿಗಿಯಾಗಿ ತಿರುಗಿದರೆ ಅದು ಬೇರಿಂಗ್ ಕಥೆ. ನೂರು ಸಲ ಹೇಳ್ತಾನೆ ಅಂತ ಬೈಕೊಳ್ಳಿ, ಪರವಾಗಿಲ್ಲ.

ಇನ್ನೊಂದು ತಮಾಷೆ. ಸುಣ್ಣ ಬಳಿಯುವವರು ರೆಕ್ಕೆ ಬಿಚ್ಚಿ ತಿರುಗಾಮುರುಗಾ ಹಾಕಿ ಹೋಗಿರುತ್ತಾರೆ. ಫ್ಯಾನ್ ಜೋರಾಗೇ ಓಡುತ್ತೆ, ಕೆಳಗೆ ಗಾಳಿ ಸಾಲಲ್ಲ. ಅದಕ್ಕೂ 'ಸ್ಪೀಡ್ ಇಲ್ಲ' ಅಂತಲೇ ದೂರು! ಸ್ಪೀಡ್ ಎಷ್ಟಿದೆ ಅಂತ ಅನುಮಾನವಿದ್ದರೆ ಒಂದು ರೆಕ್ಕೆಗೆ ಕೆಂಪು ಕಾಗದ ಅಂಟಿಸಿ. ಮೊಬೈಲಲ್ಲಿ ಎಂಟು ಪಟ್ಟು ನಿಧಾನದ ವಿಡಿಯೋ ತೆಗೆಯಿರಿ. ಎಂಟು ಸೆಕೆಂಡಿನ ವಿಡಿಯೋದಲ್ಲಿ ಕಾಗದ ಸುಮಾರು ಆರು ಸುತ್ತು ಬಂದರೆ ನಿಮಿಷಕ್ಕೆ 360 ಸುತ್ತು. ಆರೋಗ್ಯವಾಗಿದೆ ಅಂತ ಅರ್ಥ. ಮಕ್ಕಳಿಗೇ ಮಾಡಲು ಬಿಡಿ, ಗಣಿತದ ಪಾಠವೂ ಆಯಿತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಎರಡೇ ನಿಮಿಷವಂತೆ. ರೆಗ್ಯುಲೇಟರ್, ಕಮ್ಮಿ ಕರೆಂಟಿನ ಹೊಸ ಥರದ ಬಿಎಲ್‌ಡಿಸಿ ಫ್ಯಾನ್ ಎರಡೂ ಉಳಿದವು. ಬಿಎಲ್‌ಡಿಸಿಗೆ ಹಳೆ ರೆಗ್ಯುಲೇಟರ್ ಜೋಡಿಸಬೇಡಿ, ಅಷ್ಟು ನೆನಪಿಡಿ.   ರೆಕ್ಕೆಯ ಧೂಳು ಒರೆಸುವುದನ್ನೂ ಮರೆಯಬೇಡಿ. ಒದ್ದೆ ಬಟ್ಟೆ ಸಾಕು.

ಓ, ಏಣಿ ಬಂತಾ? ಇಲ್ಲೇ ನಿಲ್ಲಿಸಿ, ನನ್ನ ಮೈಕ್ ಪಕ್ಕ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು ಸ್ವಾಮಿ, ಎಂಸಿಬಿ ಇಳಿಸಿ. ಮೇಡಂ, ನೀವು ಹತ್ತುತ್ತೀರಾ? ಬನ್ನಿ, ಏಣಿ ನಾನು ಹಿಡಿದುಕೊಳ್ಳುತ್ತೇನೆ. ಹ್ಞಾಂ, ಒಂದೇ ಬೆರಳಲ್ಲಿ ತಳ್ಳಿ. ಹೇಗಿದೆ? ಬಿಗಿಯಾ, ಸಲೀಸಾ?