ಬಾಗಿಲು ಮುಚ್ಚಬಾರದು: ಡಿಸ್ಟೋಪಿಯನ್ ಟ್ರೈಲರ್ ಮಾಡೋರಿಗೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ. ನಿಮಗೆ ಕೊಟ್ಟಿರೋ ಪ್ರಾಜೆಕ್ಟ್ ನನಗೆ ಗೊತ್ತು. ಎಲ್ಲೂ ಇಲ್ಲದೇ ಇರೋ ಸಿನಿಮಾಗೆ ಎರಡು ನಿಮಿಷದೊಳಗೆ ಒಂದು ಟ್ರೈಲರ್, ಅದು ಡಿಸ್ಟೋಪಿಯನ್ ಆಗಿರ್ಬೇಕು, ಅಂದ್ರೆ ಬದುಕೋಕೇ ಕಷ್ಟ ಆಗಿರೋ ಒಂದು ಕಲ್ಪನೆಯ ಸಮಾಜ ತೋರಿಸ್ಬೇಕು. ನಾನು ಸ್ಟೂಡೆಂಟ್ ಆಗಿದ್ದಾಗ ಇದನ್ನೇ ಮಾಡಿದ್ದೆ. ನಾವು ಐದು ಜನ ಇದ್ವಿ, ನಮ್ಮ ಮೊದಲ ಕಟ್‌ನಲ್ಲಿ ಏನಿತ್ತು ಅಂದ್ರೆ ಹೊಗೆ, ಮಾಸ್ಕ್ ಹಾಕ್ಕೊಂಡು ಓಡೋ ಜನ, ಬಿದ್ದ ಗೋಡೆ, ಸೈರನ್, ಮತ್ತೆ ಓಡೋ ಜನ. ಅದನ್ನ ಒಬ್ಬ ಗೆಳತಿಗೆ ತೋರಿಸಿದ್ವಿ, ಅವಳು ಪೂರ್ತಿ ನೋಡಿ ಕೇಳಿದ್ದು ಒಂದೇ ಮಾತು, "ಇವರು ಯಾಕೆ ಓಡ್ತಿದಾರೆ?" ಐದು ಜನರಲ್ಲಿ ಒಬ್ಬರ ಹತ್ರಾನೂ ಉತ್ತರ ಇರ್ಲಿಲ್ಲ. ಎಲ್ಲಾ ಕಿತ್ತಾಕಿ ಮತ್ತೆ ಶುರು ಮಾಡಿದ್ವಿ, ಇವತ್ತು ನಾನು ಹೇಳೋದು ಆ ಎರಡನೇ ಸಲ ಕಲಿತದ್ದು.

ಮೊದಲು ಡಿಸ್ಟೋಪಿಯಾ ಅನ್ನೋ ಪದ. 1516ರಲ್ಲಿ ಇಂಗ್ಲೆಂಡಿನ ಲೇಖಕ ಥಾಮಸ್ ಮೋರ್ ಯುಟೋಪಿಯಾ ಅನ್ನೋ ಪದ ಕಟ್ಟಿದ, ಗ್ರೀಕ್‌ನಲ್ಲಿ ಅದರ ಅರ್ಥ ಎಲ್ಲೂ ಇಲ್ಲದ ಜಾಗ. 1868ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್‌ನಲ್ಲಿ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಸರ್ಕಾರದ ಧೋರಣೆಯನ್ನ ಟೀಕೆ ಮಾಡ್ತಾ ಅದಕ್ಕೆ ಉಲ್ಟಾ ಅರ್ಥದಲ್ಲಿ ಡಿಸ್ಟೋಪಿಯನ್ ಅನ್ನೋ ಪದ ಬಳಸಿದ. ಅಂದ್ರೆ ಈ ಪದ ನಮಗೆ ಪರಿಚಯ ಆಗಿರೋದು ಕಥೆಯಿಂದ ಇರಬಹುದು, ಆದ್ರೆ ಆವತ್ತು ಅದು ಬಂದದ್ದು ಆಡಳಿತದ ಮೇಲಿನ ಜಗಳದಲ್ಲಿ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಭೂಕಂಪ ಆಗಿ ಊರು ಬಿದ್ರೆ ಅದು ದುರಂತ, ಅಷ್ಟಕ್ಕೇ ಡಿಸ್ಟೋಪಿಯಾ ಆಗಲ್ಲ. ಯಾರೋ ಒಂದು ರೂಲ್ ಮಾಡಿ, ಜನ ಅದಕ್ಕೆ ಒಗ್ಗಿಕೊಂಡು, ಬೆಳಿಗ್ಗೆ ಎದ್ದು ಹಲ್ಲುಜ್ಜಿ ಕೆಲಸಕ್ಕೆ ಹೋಗ್ತಿದಾರಲ್ಲ, ನನ್ನ ಪ್ರಕಾರ ಡಿಸ್ಟೋಪಿಯಾ ಇರೋದು ಅಲ್ಲಿ.

ಹಾಗಾಗಿ ಕ್ಯಾಮೆರಾ ಮುಟ್ಟೋಕೆ ಮುಂಚೆ ಒಂದೇ ಒಂದು ರೂಲ್ ಬರೀರಿ. ನಮ್ಮದು ಏನಾಗಿತ್ತು ಅಂದ್ರೆ, ಆ ದೇಶದಲ್ಲಿ ಯಾರೂ ಬಾಗಿಲು ಮುಚ್ಚೋ ಹಾಗಿಲ್ಲ. ಅಷ್ಟೇ. ಇದು ಸಿಕ್ಕಿದ ತಕ್ಷಣ ಶಾಟ್‌ಗಳು ತಾವಾಗೇ ಬರೋಕೆ ಶುರುವಾದ್ವು, ಚಿಲಕ ಕಿತ್ತ ಜಾಗದಲ್ಲಿ ನಾಲ್ಕು ಸ್ಕ್ರೂ ತೂತು, ತೆರೆದ ಬಾಗಿಲಿನ ಮುಂದೆ ಬೆನ್ನು ತಿರುಗಿಸಿ ಬಟ್ಟೆ ಬದಲಾಯಿಸೋ ಅಮ್ಮ, ಅಳ್ಬೇಕು ಅನ್ಸಿದಾಗ ಹೋಗೋಕೆ ಜಾಗ ಇಲ್ಲದ ಹುಡುಗಿ. ಸೆಟ್‌ಗೆ ಅಂತ ಒಂದು ಪೈಸೆನೂ ಹಾಕ್ಲಿಲ್ಲ. ನಿಮ್ಮ ರೂಲ್ ಸರಿಯಾಗಿದ್ಯಾ ಅಂತ ನೋಡೋಕೆ ನಾನು ಕೇಳೋ ಪ್ರಶ್ನೆ ಇದು, ಆ ರೂಲ್‌ನಿಂದ ಒಂದು ಮನೆಯೊಳಗೆ ಏನು ಬದಲಾಗುತ್ತೆ? ಅಡುಗೆಮನೆ, ಮಲಗೋ ಕೋಣೆಯಲ್ಲಿ ಏನೂ ಬದಲಾಗಲ್ಲ ಅಂದ್ರೆ ಇನ್ನೂ ಯೋಚನೆ ಮಾಡಿ.

ಈಗ ವಾಯ್ಸ್‌ಓವರ್, ಅಂದ್ರೆ ದೃಶ್ಯದ ಮೇಲೆ ಹಿನ್ನೆಲೆಯಲ್ಲಿ ಕೇಳೋ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಕನ್ನಡದಲ್ಲಿ ಮಾಡೋರಿಗೆ ಇಲ್ಲೊಂದು ದೊಡ್ಡ ಆಸ್ತಿ ಇದೆ. ತುಂಬಾ ಜನ ಗಡಸು ಧ್ವನಿಯಲ್ಲಿ "ಕತ್ತಲು ಆವರಿಸಿದೆ" ಅಂತೆಲ್ಲ ಹೇಳಿಸ್ತಾರೆ, ಬೇಡ. ಆಫೀಸ್ ಸುತ್ತೋಲೆ ಕನ್ನಡ ಇದ್ಯಲ್ಲ, ಅದನ್ನ ತಗೊಳ್ಳಿ. "ಸಾರ್ವಜನಿಕರ ಗಮನಕ್ಕೆ. ತಮ್ಮ ಸುರಕ್ಷತೆಯ ಹಿತದೃಷ್ಟಿಯಿಂದ ಬಾಗಿಲು ಮುಚ್ಚುವುದನ್ನು ನಿಷೇಧಿಸಲಾಗಿದೆ. ಸಹಕರಿಸಬೇಕಾಗಿ ಕೋರಲಾಗಿದೆ." ಈ ಮೂರು ವಾಕ್ಯದಲ್ಲಿ ನಿಷೇಧಿಸಿದ್ದು ಯಾರು, ಕೋರಿದ್ದು ಯಾರು? ಹುಡುಕಿ ನೋಡಿ, ಕರ್ತೃನೇ ಇಲ್ಲ. ಮಾಡಿದೋರು ಮಾಯ, ಆದೇಶ ಮಾತ್ರ ಉಳ್ಕೊಂಡಿದೆ. ಆ "ಲಾಗಿದೆ" ಅನ್ನೋದರಲ್ಲಿ ಇರೋ ಭಯ ಎಷ್ಟು ಸೈರನ್ ಹಾಕಿದ್ರೂ ಬರಲ್ಲ. ಅದನ್ನ ಓದಿಸೋದೂ ಮೆತ್ತಗೆ, ಪ್ರೀತಿಯಿಂದ, ಮಗುಗೆ ಔಷಧಿ ಕುಡಿಸೋ ಥರ ಓದಿಸಿ. ಮನೆಯೊಳಗಿನ ಜನ ಮಾತ್ರ ಆಡುಮಾತಲ್ಲೇ ಮಾತಾಡ್ಲಿ, "ಅಮ್ಮಾ, ಒಂದೇ ಒಂದ್ಸಲ ಮುಚ್ಲಾ?" ಅಂತ. ಎರಡು ಕನ್ನಡದ ನಡುವೆ ಇರೋ ದೂರಾನೇ ನಿಮ್ಮ ಕಥೆ ಹೇಳುತ್ತೆ.

ದುಡ್ಡಿಲ್ಲ, ಲೊಕೇಶನ್ ಇಲ್ಲ ಅನ್ನೋ ಚಿಂತೆ ಇರೋರಿಗೆ ಎರಡು ಉದಾಹರಣೆ. ಫ್ರೆಂಚ್ ನಿರ್ದೇಶಕ ಗೊಡಾರ್ 1965ರಲ್ಲಿ ಆಲ್ಫಾವಿಲ್ ಅನ್ನೋ ಸಿನಿಮಾ ಮಾಡಿದಾಗ ಭವಿಷ್ಯದ ಊರು ಅಂತ ಸೆಟ್ ಕಟ್ಲಿಲ್ಲ, ಆಗಿನ ಪ್ಯಾರಿಸ್‌ನಲ್ಲೇ, ಹೊಸ ಗಾಜಿನ ಕಟ್ಟಡಗಳಲ್ಲಿ, ರಾತ್ರಿ ಬೆಳಕಿನಲ್ಲಿ ಶೂಟ್ ಮಾಡಿದ. ಇನ್ನೊಬ್ಬ ಫ್ರೆಂಚ್ ನಿರ್ದೇಶಕ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ ಲಾ ಜೆತೆ ಅರ್ಧ ಗಂಟೆಗೂ ಕಮ್ಮಿ ಇರೋ ಸಿನಿಮಾ, ಮೂರನೇ ಮಹಾಯುದ್ಧ ಆದ್ಮೇಲಿನ ಕಥೆ, ಹೆಚ್ಚುಕಮ್ಮಿ ಪೂರ್ತಿ ಸ್ಟಿಲ್ ಫೋಟೋಗಳಲ್ಲೇ ಇದೆ. ನೀವೂ ಉದ್ದ ಕಾರಿಡಾರ್, ಖಾಲಿ ಮೆಟ್ಟಿಲು, ಬಸ್ ಇಲ್ಲದ ಬಸ್‌ಸ್ಟಾಂಡ್ ಹುಡುಕಿ, ಬೆಳಗಾಗೋ ಹೊತ್ತಿಗೆ ಹೋಗಿ, ಜನ ಇರಲ್ಲ, ಬೆಳಕೂ ಬೂದು ಬಣ್ಣದಲ್ಲಿರುತ್ತೆ. ಮೊಬೈಲಲ್ಲೇ ತೆಗೀತೀರಾದ್ರೆ ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಮತ್ತೆ ಫೋಕಸ್ ಲಾಕ್ ಮಾಡಿ, ಸೆಕೆಂಡಿಗೆ 24 ಫ್ರೇಮ್ ಇಟ್ಕೊಂಡು ಶಟರ್ 1/50 ಸೆಕೆಂಡ್ ಹತ್ರ ಇಡಿ, ಚಲನೆ ಸಿನಿಮಾ ಥರ ಕಾಣುತ್ತೆ. ಟ್ರೈಪಾಡ್ ಇಲ್ದಿದ್ರೆ ಪುಸ್ತಕದ ಮೇಲಿಡಿ, ಆದ್ರೆ ಅಲ್ಲಾಡಿಸ್ಬೇಡಿ, ನಿಶ್ಚಲವಾಗಿ ನೋಡ್ತಾ ಇರೋ ಕ್ಯಾಮೆರಾ ಕಾವಲು ಕೂತಿರೋ ಥರ ಕಾಣುತ್ತೆ.

ಇನ್ನೊಂದು, ಹೊರಗಡೆ ಆಟಿಕೆ ಗನ್ನು ಹಿಡ್ಕೊಂಡು, ಮುಖ ಮುಚ್ಕೊಂಡು ಶೂಟ್ ಮಾಡ್ಲೇಬೇಡಿ, ನೋಡಿದೋರಿಗೆ ಅದು ಆಟ ಅಂತ ಗೊತ್ತಾಗಲ್ಲ. ಜಾಗದವರ ಹತ್ರ ಪರ್ಮಿಶನ್ ಕೇಳಿ.

ಎಡಿಟಿಂಗ್‌ಗೆ ಬರೋಣ. ಟ್ರೈಲರ್ ಅಂದ್ರೆ ಕಥೆ ಸಣ್ಣದು ಮಾಡಿ ಹೇಳೋದಲ್ಲ. ಒಂದು ಪ್ರಶ್ನೆ ಹುಟ್ಟಿಸಿ ಅಲ್ಲೇ ಬಿಟ್ಟುಬಿಡೋದು. ನಾವು ಮೊದಲ 30 ಸೆಕೆಂಡ್ ಏನೂ ಆಗದೇ ಇರೋ ಹಾಗೆ ಇಟ್ಟಿದ್ವಿ, ಬರೀ ಮನೆ, ಜನ, ತಟ್ಟೆ ತೊಳೆಯೋದು. ಬಾಗಿಲುಗಳು ತೆರೆದಿರೋದು ಕಾಣ್ತಿರುತ್ತೆ, ಆದ್ರೆ ನೋಡೋರು ಗಮನಿಸಲ್ಲ, ಆಮೇಲೆ ಆ ಸುತ್ತೋಲೆ ಧ್ವನಿ ಬರುತ್ತೆ, ಆಗ ಹಿಂದೆ ನೋಡಿದ್ದೆಲ್ಲ ಮನಸ್ಸಲ್ಲಿ ಬದಲಾಗುತ್ತೆ. ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ ನೂರು ವರ್ಷದ ಹಿಂದೆ ತೋರಿಸಿದ್ದೂ ಇಂಥದ್ದೇ, ಒಬ್ಬ ನಟನ ಒಂದೇ ಮುಖದ ಶಾಟ್‌ನ ಪಕ್ಕ ಸೂಪ್ ಬಟ್ಟಲು ಇಟ್ರೆ ಹಸಿವು, ಶವಪೆಟ್ಟಿಗೆ ಇಟ್ರೆ ದುಃಖ ಕಾಣುತ್ತೆ. ನಮ್ಮ ಹುಡುಗಿ ಆಕ್ಟಿಂಗ್ ಮಾಡ್ಲೇ ಇಲ್ಲ, ಸುಮ್ನೆ ನೋಡಿದ್ಲು, ಪಕ್ಕದಲ್ಲಿ ಸ್ಕ್ರೂ ತೂತುಗಳ ಶಾಟ್ ಇಟ್ವಿ, ಅಷ್ಟರಲ್ಲೇ ಅವಳ ಆಸೆ ಗೊತ್ತಾಯ್ತು.

ಸೌಂಡ್ ವಿಷಯಕ್ಕೆ ನಾನು ಯಾವಾಗ್ಲೂ ಜಾಸ್ತಿ ಟೈಮ್ ಕೇಳ್ತೀನಿ. ಮಸುಕಾದ ಚಿತ್ರ ಜನ ಸಹಿಸ್ತಾರೆ, ಕೆಟ್ಟ ಸೌಂಡ್ ಸಹಿಸಲ್ಲ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ನಿದ್ದು ಅರ್ಧ ನಿಮಿಷ ಆ ಕೋಣೆಯ ಮೌನಾನೇ ರೆಕಾರ್ಡ್ ಮಾಡ್ಕೊಳ್ಳಿ, ಕಟ್‌ಗಳ ನಡುವೆ ತುಂಬೋಕೆ ಅದು ಬೇಕೇಬೇಕು. ಫ್ರಿಜ್ ಗುಂಯ್ ಅನ್ನೋದನ್ನ ರೆಕಾರ್ಡ್ ಮಾಡಿ ಅರ್ಧ ಸ್ಪೀಡಿಗೆ ಇಳಿಸಿ, ಶ್ರುತಿ ಒಂದು ಸ್ಥಾಯಿ ಕೆಳಗೆ ಹೋಗುತ್ತೆ, ಎದೆಯೊಳಗೆ ಕೂರೋ ಥರದ ಸದ್ದು ಬರುತ್ತೆ. ಮ್ಯೂಸಿಕ್ ಹುಡುಕೋವಾಗ ಕ್ರಿಯೇಟಿವ್ ಕಾಮನ್ಸ್ (ಷರತ್ತಿನ ಮೇಲೆ ಬಳಸೋಕೆ ಬಿಡೋ ಲೈಸೆನ್ಸ್) ಅಂತ ಕಂಡ ತಕ್ಷಣ ಹಾಕ್ಬೇಡಿ, ಲೈಸೆನ್ಸ್‌ನಲ್ಲಿ ಎನ್‌ಡಿ, ಅಂದ್ರೆ ನೋ ಡೆರಿವೇಟಿವ್ಸ್, ಅಂತಿದ್ರೆ ಅದನ್ನ ವಿಡಿಯೋಗೆ ಸೇರಿಸಿ ಹಂಚೋ ಹಾಗಿಲ್ಲ.

ನಮ್ಮ ಕೊನೇ ಶಾಟ್‌ನಲ್ಲಿ ಆ ಹುಡುಗಿ ಎಲ್ಲಿಂದಲೋ ತಂದ ಹಳೇ ಚಿಲಕನ ಬಾಗಿಲಿಗೆ ಹಿಡೀತಾಳೆ, ಟೈಟಲ್ ಬರುತ್ತೆ, ಸ್ಕ್ರೀನ್ ಕಪ್ಪಾಗುತ್ತೆ, ಕಪ್ಪಿನಲ್ಲಿ ಚಿಲಕ ಬೀಳೋ ಸದ್ದು. ಸದ್ದಾದ್ಮೇಲೆ ಎಷ್ಟು ಹೊತ್ತು ಕಪ್ಪು ಇರ್ಬೇಕು ಅಂತ ನಾವು ಐದು ಜನ ಒಂದು ಇಡೀ ಸಂಜೆ ಜಗಳ ಆಡಿದ್ವಿ, ಒಬ್ಬ ಒಂದು ಸೆಕೆಂಡ್ ಸಾಕು ಅಂದ, ನಾನು ನಾಲ್ಕು ಬೇಕು ಅಂದೆ, ಕೊನೆಗೆ ಮೂರಕ್ಕೆ ನಿಲ್ಲಿಸಿದ್ವಿ. ನನಗೆ ಈಗ್ಲೂ ನಾಲ್ಕೇ ಸರಿ ಅನ್ಸುತ್ತೆ. ಅದನ್ನ ಈಗ ಪ್ಲೇ ಮಾಡ್ತೀನಿ, ಹಿಂದೆ ಕೂತಿರೋರು ಲೈಟ್ ಆಫ್ ಮಾಡಿ. ಮೊದಲ ಸಲ ಸ್ಕ್ರೀನ್ ಆನ್ ಮಾಡಲ್ಲ, ಬರೀ ಕೇಳಿಸ್ಕೊಳ್ಳಿ.