ಝೆರಾಕ್ಸ್ ಅಂಗಡಿಯ ಲಾಂಗ್ ನೋಟ್‌ಬುಕ್ಕು

ಕೇಳುಗರಿಗೆ ನಮಸ್ಕಾರ.

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಒಂದು ಸಂದಿಯಲ್ಲಿ ಸಣ್ಣದೊಂದು ಝೆರಾಕ್ಸ್ ಅಂಗಡಿ. ಬೋರ್ಡಿನ ಮೇಲೆ ಝೆರಾಕ್ಸ್, ಲ್ಯಾಮಿನೇಷನ್, ಪಹಣಿ, ಜಾತಿ-ಆದಾಯ, ಪಾನ್ ಕಾರ್ಡು, ಎಲ್ಲ ಆನ್‌ಲೈನ್ ಕೆಲಸ ಅಂತ ಬರೆದಿದೆ. ಒಳಗೆ ಒಬ್ಬ ಹುಡುಗ, ಎರಡು ಕಂಪ್ಯೂಟರು, ಒಂದು ಹೆಬ್ಬೆಟ್ಟಿನ ಯಂತ್ರ. ಟೇಬಲ್ಲಿನ ಖಾನೆಯಲ್ಲಿ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕು. ದೀಪಾವಳಿಗೆ ಅದಕ್ಕೂ ಪೂಜೆಯಾಗಿರಬೇಕು, ರಟ್ಟಿನ ಮೇಲೆ ಕುಂಕುಮದ ಕಲೆ ಇದೆ. ಒಳಗೆ ಪುಟಕ್ಕೊಬ್ಬರ ಹಾಗೆ ಜನರ ಹೆಸರು, ಊರು. ಆಳಂದ, ಸೇಡಂ, ಚಿತ್ತಾಪುರ, ಅಫಜಲಪುರ. ಹೆಸರಿನ ಕೆಳಗೆ ಮೊಬೈಲ್ ನಂಬರು, ಇ-ಮೇಲು, ಯೂಸರ್ ಐಡಿ, ಪಾಸ್‌ವರ್ಡು. ಕೆಲವರ ಪಾಸ್‌ವರ್ಡನ್ನು ಮೂರು ಸಲ ಹೊಡೆದುಹಾಕಿ ನಾಲ್ಕನೆಯದನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದಾನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರಾದ ಮಾಸ್ತರ. ಬೈಯುವ ಚಟ ಇನ್ನೂ ಹೋಗಿಲ್ಲ. "ತಮ್ಮಾ, ಈ ಬುಕ್ಕು ಯಾರದರ ಕೈಯಾಗ ಸಿಕ್ರ ಇಷ್ಟೂ ಮಂದಿ ಗತಿ ಏನು?" ಅಂದೆ. ಹುಡುಗ ಕೀಬೋರ್ಡಿನಿಂದ ಕಣ್ಣು ಎತ್ತದೆ ಹೇಳಿದ: "ಸರ್, ನಾ ಬರಕೊಳ್ಳಲಿಲ್ಲಂದ್ರ ಮುಂದಿನ ವಾರ ಅವರೇ ಬಂದು, ನನ್ನ ಪಾಸ್‌ವರ್ಡ್ ಏನಿತ್ತಪಾ ಅಂತ ನನಗೇ ಕೇಳ್ತಾರ."

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಆ ನೋಟ್‌ಬುಕ್ಕನ್ನು ಹುಡುಗ ಬರೆದದ್ದು ಹೌದು, ಆದರೆ ಬರೆಸಿದವರು ಬೇರೆ ಇದ್ದಾರೆ. ಸುರಕ್ಷತೆ ಸುರಕ್ಷತೆ ಅಂತ ದಿನಕ್ಕೊಂದು ನಿಯಮ ಹಾಕುವವರೇ ಅದನ್ನು ಬರೆಸಿದ್ದಾರೆ.

ನನ್ನ ಬ್ಯಾಂಕಿನ ಆ್ಯಪನ್ನೇ ತಗೊಳ್ಳಿ, ಹೆಸರು ಬೇಡ. ಪಾಸ್‌ವರ್ಡಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಒಂದು ಬೇಕು, ಅಂಕಿ ಒಂದು ಬೇಕು, ಚಿಹ್ನೆ ಒಂದು ಬೇಕು. ಚಿಹ್ನೆ ಅಂದರೆ ಎಲ್ಲ ಚಿಹ್ನೆ ನಡೆಯುವುದಿಲ್ಲ, ಯಾವುದು ನಡೆಯುತ್ತದೆ ಅಂತ ಮೊದಲೇ ಹೇಳುವುದೂ ಇಲ್ಲ. ಹನ್ನೆರಡು ಅಕ್ಷರ ದಾಟಬಾರದು. ತೊಂಬತ್ತು ದಿನಕ್ಕೊಮ್ಮೆ ಬದಲಿಸಬೇಕು. ಹಳೆಯ ಐದರಲ್ಲಿ ಒಂದನ್ನೂ ಮತ್ತೆ ಇಡುವಂತಿಲ್ಲ. ಇಷ್ಟೆಲ್ಲ ಕೇಳಿದರೆ ನಮ್ಮ ಮಂದಿ ಏನು ಮಾಡುತ್ತಾರೆ? ನಮ್ಮೂರ ಶರಣ, ಶರಣಬಸಪ್ಪನ ಹೆಸರನ್ನು ಗಿಡ್ಡ ಮಾಡಿ ಬರೆದು ಮುಂದೆ ಒಂದು ಅಂತ ಹಾಕುತ್ತಾರೆ. ಮೂರು ತಿಂಗಳಿಗೆ ಅದು ಎರಡಾಗುತ್ತದೆ. ನನ್ನದು ಈಗ ಹನ್ನೊಂದಕ್ಕೆ ಬಂದಿದೆ. ಅಯ್ಯೋ, ರೇಡಿಯೊದಲ್ಲಿ ಹೇಳಬಾರದಿತ್ತು, ಇವತ್ತೇ ಹನ್ನೆರಡು ಮಾಡಬೇಕು.

ಈ ಪಾಸ್‌ವರ್ಡಿನ ಕಥೆ ಹಳೆಯದು. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಮೊದಲಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುತ್ತಿದ್ದರು. ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಿರಲಿ ಅಂತ ಫರ್ನಾಂಡೊ ಕೊರ್ಬಾಟೊ ಎಂಬವರ ತಂಡ ಪಾಸ್‌ವರ್ಡ್ ಇಟ್ಟಿತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ತನ್ನ ಪಾಲಿಗೆ ಬಂದ ಕಂಪ್ಯೂಟರಿನ ಸಮಯ ಸಾಲಲಿಲ್ಲ. ಪಾಸ್‌ವರ್ಡುಗಳ ಇಡೀ ಕಡತವನ್ನೇ ಪ್ರಿಂಟು ಹಾಕಿಸಿಕೊಂಡು, ಬೇರೆಯವರ ಹೆಸರಿನಲ್ಲಿ ಕೆಲಸ ಮುಗಿಸಿಕೊಂಡ. ಅಂದರೆ ನಮ್ಮ ಸೂಪರ್ ಮಾರ್ಕೆಟ್ಟಿನ ನೋಟ್‌ಬುಕ್ಕಿಗೆ ಎಂಐಟಿಯಲ್ಲಿ ಒಬ್ಬ ಅಜ್ಜ ಇದ್ದಾನೆ ಅಂತಾಯಿತು.

ದೊಡ್ಡಕ್ಷರ, ಚಿಹ್ನೆ, ಆಗಾಗ ಬದಲಾವಣೆ, ಈ ಪಾಠ ಹರಡಿದ್ದು 2003ರಲ್ಲಿ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ಗಾಗಿ ಬಿಲ್ ಬರ್ ಎಂಬ ಅಧಿಕಾರಿ ಬರೆದ ಮಾರ್ಗಸೂಚಿಯಿಂದ. ಜಗತ್ತಿನ ಕಂಪನಿಗಳೆಲ್ಲ ಅದನ್ನು ವೇದವಾಕ್ಯ ಮಾಡಿಕೊಂಡವು. 2017ರಲ್ಲಿ, ರಿಟೈರಾದ ಮೇಲೆ, ಅದೇ ಬರ್ ಒಂದು ಪತ್ರಿಕೆಗೆ ತಾನು ಮಾಡಿದ್ದರಲ್ಲಿ ಬಹಳಷ್ಟಕ್ಕೆ ಈಗ ವಿಷಾದವಿದೆ ಅಂತ ಹೇಳಿಕೊಂಡರು. ಆ ವರ್ಷವೇ ನಿಸ್ಟ್ ತನ್ನ ಮಾತು ಬದಲಿಸಿತು. ಸುಮ್ಮಸುಮ್ಮನೆ ಅವಧಿ ಹಾಕಿ ಪಾಸ್‌ವರ್ಡ್ ಬದಲಿಸಲು ಹೇಳಬೇಡಿ, ಕದ್ದುಹೋಗಿದೆ ಅಂತ ಗೊತ್ತಾದಾಗ ಮಾತ್ರ ಬದಲಿಸಿ, ಚಿಹ್ನೆಗಳ ಕಾಟ ಬಿಡಿ, ಉದ್ದದ ಪಾಸ್‌ವರ್ಡಿಗೆ ಜಾಗ ಕೊಡಿ ಅಂದಿತು. ಬರೆದವರೇ ತಪ್ಪಾಯಿತು ಅಂದಮೇಲೂ ನನ್ನ ಬ್ಯಾಂಕಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಗಣಿತದ ಮಾಸ್ತರ ಅಂದಮೇಲೆ ಒಂದು ಲೆಕ್ಕ ಹೇಳದೆ ಬಿಡಲಾರೆ. ಕೀಬೋರ್ಡಿನ ತೊಂಬತ್ನಾಲ್ಕು ಗುರುತುಗಳಿಂದ ಎಂಟನ್ನು ಕಣ್ಣುಮುಚ್ಚಿ ಆರಿಸಿದರೆ ಸುಮಾರು 6 ಸಾವಿರ ಲಕ್ಷ ಕೋಟಿ ಬಗೆ ಆಗುತ್ತವೆ. ಅದನ್ನು ನೆನಪಿಡುವ ತಲೆ ನನ್ನ ಹತ್ತಿರ ಇಲ್ಲ. ಅದರ ಬದಲು ಎಂಟು ಸಾವಿರ ಕನ್ನಡ ಪದಗಳ ಪಟ್ಟಿಯಿಂದ ಕಣ್ಣುಮುಚ್ಚಿ ಐದು ಪದ ಎತ್ತಿ. ಜೋಳ, ಬಂಡಿ, ಕಂದೀಲು, ಕುಸುಬಿ, ಚಪ್ಪಲಿ ಬಂತು ಅನ್ನಿ. ಇದರ ಬಗೆಗಳು ಮೊದಲಿನದಕ್ಕಿಂತ ಐದು ಸಾವಿರ ಪಟ್ಟು ಹೆಚ್ಚು. ಜೋಳ-ಕುಸುಬಿ ಹೇರಿದ ಬಂಡಿ, ಕಂದೀಲು ಹಿಡಿದವನ ಕಾಲಲ್ಲಿ ಚಪ್ಪಲಿ, ಒಂದು ಸಲ ಕಣ್ಣಿಗೆ ಕಟ್ಟಿದರೆ ಸಾಯುವ ತನಕ ಮರೆಯುವುದಿಲ್ಲ. ಆದರೆ ನನ್ನ ಆ್ಯಪಿಗೆ ಹನ್ನೆರಡೇ ಅಕ್ಷರ. ಬಂಡಿ ಬಾಗಿಲಲ್ಲೇ ನಿಲ್ಲುತ್ತದೆ.

ಇನ್ನು, ನೀನು ಮನುಷ್ಯನೋ ಯಂತ್ರವೋ ಅಂತ ಕೇಳುವ ಚಿತ್ರಗಳ ಚೌಕ. ಬೆಂಕಿ ಆರಿಸುವ ನೀರಿನ ಕಂಬ ಇರುವ ಚಿತ್ರ ಒತ್ತಿ ಅಂತ ಬರುತ್ತದೆ. ಅಮೆರಿಕದ ಬೀದಿಯಲ್ಲಿ ಗಿಡ್ಡಗೆ ಕೆಂಪಗೆ ನಿಂತಿರುವ ಆ ವಸ್ತುವನ್ನು ನಮ್ಮ ಜಗತ್ ಸರ್ಕಲ್ಲಿನಲ್ಲಿ ಯಾರು ನೋಡಿದ್ದಾರೆ? ನನ್ನ ಹೆಂಡತಿ ಅದನ್ನು ಮೈಲುಗಲ್ಲು ಅಂದುಕೊಂಡು ಬಿಟ್ಟಳು. ಯಂತ್ರ ಅವಳನ್ನು ಯಂತ್ರ ಅಂತ ತೀರ್ಮಾನಿಸಿ ಹೊರಗೆ ಹಾಕಿತು.

ಹೆಸರಿನದು ಇದಕ್ಕಿಂತ ದೊಡ್ಡ ಗೋಳು. ಶರಣಬಸಪ್ಪ ಅಂತ ಕನ್ನಡದಲ್ಲಿ ಬರೆದರೆ ಒಂದೇ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ಣಕಾರದ ಮುಂದೆ 'ಎ' ಇರುತ್ತದೆ, ಇನ್ನೊಂದು ಕಡೆ ಹಾರಿಹೋಗಿರುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ತಂದೆಯ ಹೆಸರು ಮುಂದೆ, ಪಹಣಿಯಲ್ಲಿ ಹಿಂದೆ. ಕಂಪ್ಯೂಟರಿನ ಕಣ್ಣಿಗೆ ಇವರು ಇಬ್ಬರು ಮನುಷ್ಯರು. ಊರಿನದೂ ಅಷ್ಟೇ. 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಹೋಗಿ ಕಲಬುರಗಿ ಆಯಿತು, ಆದರೆ ಇವತ್ತಿಗೂ ಕೆಲವು ಅರ್ಜಿಗಳ ಪಟ್ಟಿಯಲ್ಲಿ 'ಕೆ' ಅಕ್ಷರದ ಕೆಳಗೆ ಹುಡುಕಿ ಹುಡುಕಿ ಸಾಕಾಗಿ 'ಜಿ' ಕೆಳಗೆ ಹೋದರೆ ಗುಲ್ಬರ್ಗ ಆರಾಮಾಗಿ ಕೂತಿರುತ್ತದೆ.

ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಾನು ರಾತ್ರಿ ಶಾಲೆ ನಡೆಸಿದವನು. ಹೆಬ್ಬೆಟ್ಟು ಒತ್ತುವುದು ಬಿಡ್ರಿ, ಸಹಿ ಕಲೀರಿ ಅಂತ ಹೊಲದಿಂದ ಬಂದ ಹೆಣ್ಣುಮಕ್ಕಳ ಕೈ ಹಿಡಿದು ತಿದ್ದಿಸಿದ್ದೇನೆ. ನಮ್ಮ ಎದುರು ಮನೆಯ ಆಯಿ ಅವರಲ್ಲೊಬ್ಬಳು. ಹೆಸರಿನ ಕೊನೆಯ ಒತ್ತಕ್ಷರ ಕಲಿಯಲು ಹದಿನೈದು ದಿನ ತಗೊಂಡಳು. ಈಗ ರೇಷನ್ ಅಂಗಡಿಯಲ್ಲಿ ಆ ಸಹಿಯನ್ನು ಕೇಳುವವರಿಲ್ಲ. ಮತ್ತೆ ಹೆಬ್ಬೆಟ್ಟೇ ಬೇಕು. ಆ ಹೆಬ್ಬೆಟ್ಟಾದರೂ ಎಲ್ಲಿದೆ? ನಲವತ್ತು ವರ್ಷ ತೊಗರಿ ಕೊಯ್ದು, ಹತ್ತಿ ಬಿಡಿಸಿ, ಸಗಣಿ ಬಳಿದು ಬೆರಳಿನ ಗೆರೆ ಸವೆದುಹೋಗಿವೆ. ಗಾಜಿನ ಕೆಳಗಿನ ಬೆಳಕಿಗೆ ಗೆರೆಯ ಏರು-ತಗ್ಗು ಕಾಣಬೇಕು, ಒಣಗಿದ ತೊಗಲು ಗಾಜಿಗೆ ಸರಿಯಾಗಿ ಅಂಟಬೇಕು, ಎರಡೂ ಆಗುವುದಿಲ್ಲ. ಆಯಿ ಬೆರಳನ್ನು ತಲೆಗೂದಲಲ್ಲಿ ಒರೆಸಿ ಎಣ್ಣೆಯ ಪಸೆ ಹಚ್ಚಿಕೊಂಡು ಮತ್ತೆ ಒತ್ತುತ್ತಾಳೆ. ಕೆಂಪು ದೀಪ. ಸೀರೆಯ ಸೆರಗಿಗೆ ಒರೆಸಿ ಇನ್ನೊಮ್ಮೆ. ಕೆಂಪು ದೀಪ. ಶಹಾಬಾದದಲ್ಲಿ ಫರಸಿ ಕಲ್ಲು ಕಡಿಯುವವರ ಬೆರಳು, ಬೀದರಿನಲ್ಲಿ ಬಿದರಿ ಪಾತ್ರೆಗೆ ಕಾನಸು ಹಿಡಿಯುವವರ ಬೆರಳು ಬೇರೆ ಇರುತ್ತದೆಯೇ? ದುಡಿದ ಕೈ ಅನ್ನುವುದೇ ಯಂತ್ರಕ್ಕೆ ಅನುಮಾನದ ಕಾರಣ. ನಾಲ್ಕನೆಯ ಸಲ ಆಗಲಿಲ್ಲ ಅಂದಾಗ ಆಯಿ ನನ್ನ ಕಡೆ ತಿರುಗಿ, "ಮಾಸ್ತರ, ಸಹಿ ಮಾಡ್ತಿನಂತ ಹೇಳ್ರಿ ಅವಂಗ" ಅಂದಳು.

ಈಗ ಓಟಿಪಿಗೆ ಬರೋಣ. ಯಾರಿಗೂ ಹೇಳಬೇಡಿ ಅಂತ ದಿನಕ್ಕೆ ಹತ್ತು ಸಲ ಎಚ್ಚರಿಸುತ್ತಾರೆ. ಒಳ್ಳೆಯ ಮಾತು. ಅದೇ ದಿನ ಸಿಲಿಂಡರ್ ತಂದವನು ನಂಬರ್ ಹೇಳ್ರಿ ಅಂತಾನೆ. ಕೊರಿಯರ್ ಹುಡುಗ ಗೇಟಿನಲ್ಲೇ ನಿಂತು ಕೇಳುತ್ತಾನೆ. ಅಂಗಡಿಯಲ್ಲಿ ಅರ್ಜಿ ಹಾಕುವಾಗ ಹೇಳದೆ ಗತಿಯಿಲ್ಲ. ಹತ್ತು ಸಲ ಹೇಳಿ ರೂಢಿಯಾದ ಬಾಯಿ ಹನ್ನೊಂದನೆಯ ಸಲ ಕಳ್ಳನಿಗೂ ಹೇಳಿಬಿಡುತ್ತದೆ. ಆಮೇಲೆ ಎಲ್ಲರೂ ಸೇರಿ ಮೋಸಹೋದವರಿಗೇ ಬುದ್ಧಿ ಹೇಳುತ್ತಾರೆ, ಜಾಗೃತಿ ಇಲ್ಲ ಅಂತ.

ಅಂಗಡಿಯಲ್ಲಿ ಒಮ್ಮೆ ನನ್ನ ಮುಂದೆ ಚಿತ್ತಾಪುರ ಕಡೆಯ ಒಬ್ಬ ರೈತ ಇದ್ದ. ಅವನ ದಾಖಲೆಗೆ ಸೇರಿಸಿದ್ದು ಮಗನ ನಂಬರು. ಮಗ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದಾನೆ. ಹುಡುಗ ಬಟನ್ ಒತ್ತಿದ, ಓಟಿಪಿ ಪುಣೆಗೆ ಹೋಯಿತು. ಮೂರು ನಿಮಿಷದ ಗಡಿಯಾರ ಪರದೆಯ ಮೇಲೆ ಓಡುತ್ತಿದೆ. ಇವನು ಫೋನಿನಲ್ಲಿ ಕೂಗುತ್ತಿದ್ದಾನೆ: "ಏ, ನಂಬರ್ ಬಂದಾದೇನೋ? ಬಂದಾದೇನು?" ಆ ಕಡೆ ಮಿಕ್ಸರಿನ ಗರಗರ. ಮಗ ಕೈಯ ಸಿಮೆಂಟು ಒರೆಸಿಕೊಂಡು ಮೆಸೇಜ್ ತೆಗೆದು ನಾಲ್ಕು ಅಂಕಿ ಹೇಳುವಷ್ಟರಲ್ಲಿ ಸಮಯ ಮುಗಿಯಿತು. ಎರಡನೆಯ ಸಲ ಅಂಕಿ ತಪ್ಪು ಕೇಳಿಸಿತು. ಮೂರನೆಯ ಸಲ ಪರದೆಯ ಮೇಲೆ, ನಿಮ್ಮ ಸುರಕ್ಷತೆಗಾಗಿ ಇಪ್ಪತ್ನಾಲ್ಕು ತಾಸು ಬಂದ್ ಮಾಡಲಾಗಿದೆ ಅಂತ ಬಂತು. ರೈತ ಅಂದಿನ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಬಂದಿದ್ದ. "ಯಾರ ಸುರಕ್ಷತಾ?" ಅಂತ ಕೇಳಿದ. ಹುಡುಗನೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ನಾವು ಒಂದು ಅಂಕಿ ತಪ್ಪಿದರೆ ಇಪ್ಪತ್ನಾಲ್ಕು ತಾಸು. ಅವರು ತಪ್ಪಿದರೆ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿ ಕಳಿಸಿದ ಒಂದೇ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ನೆರೆಯ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದು ಕೊಟ್ಟರು. ಪೆನ್ನು ಹಿಡಿಯಲು ಬಂದವರು ಅಂದು ಅಲ್ಲಿದ್ದದ್ದು ಪುಣ್ಯ.

ಕೇಳುಗರು ಇದಕ್ಕೆಲ್ಲ ದಾರಿ ಏನು ಅಂತ ಕೇಳಬಹುದು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ದುಡ್ಡು ಹೋಯಿತು ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಬರೆದು ಕೊಡಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಇಲ್ಲಿ ಬಾಗಿಲನ್ನು ಎಷ್ಟು ಜಲ್ದಿ ಹಾಕುತ್ತೀರಿ ಅನ್ನುವುದರ ಮೇಲೆ ಹಣ ನಿಂತಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಲ್ಲಿ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರಿಂದ ಆದದ್ದು ಅಂತಿದ್ದು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗಿರಾಕಿಯ ಮೇಲೆ ಹೊಣೆ ಇಲ್ಲ ಅಂತ ಬರೆದಿದೆ. ಆದರೆ ಅದೇ ಸುತ್ತೋಲೆಯ ಇನ್ನೊಂದು ಸಾಲು ಓದಿ ನನಗೆ ಎದೆ ಧಸಕ್ಕೆಂದಿತು. ಬ್ಯಾಂಕಿನ ಪಾಸ್‌ವರ್ಡಿನಂಥದ್ದನ್ನು ಇನ್ನೊಬ್ಬರಿಗೆ ಕೊಟ್ಟದ್ದರಿಂದ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವ ತನಕ ಆದದ್ದೆಲ್ಲ ಗಿರಾಕಿಯದೇ. ಅಂದರೆ ಆ ಲಾಂಗ್ ನೋಟ್‌ಬುಕ್ಕಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಬರೆಸಿದವರೆಲ್ಲ ಕಾನೂನಿನ ಕಣ್ಣಿಗೆ ಅಜಾಗರೂಕರು.

ಇನ್ನು ಫುಕ್ಕಟೆ ಅಂತ ಸೇರಿಸಿಕೊಂಡು ತಿಂಗಳು ತಿಂಗಳು ದುಡ್ಡು ಮುರಿಯುವುದು, ಬಿಡಬೇಕೆಂದರೆ ಬಟನ್ ಸಿಗದ ಹಾಗೆ ಬಚ್ಚಿಡುವುದು, ಇಂಥ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೆಸರಿಸಿ ನಿಷೇಧಿಸಿದೆ. ದೂರು ಕೊಡಲು ಗ್ರಾಹಕ ಸಹಾಯವಾಣಿ 1915. ಸವೆದ ಬೆರಳಿಗೆ ಮಾತ್ರ ಇನ್ನೂ ಯಾವ ನಂಬರೂ ನನಗೆ ಸಿಕ್ಕಿಲ್ಲ.

ಆ ಸುತ್ತೋಲೆ ಓದಿದ ಮರುದಿನವೇ ಅಂಗಡಿಗೆ ಹೋಗಿ ಹುಡುಗನಿಗೆ ಗಟ್ಟಿಯಾಗಿ ಹೇಳಿದೆ. ಆ ಬುಕ್ಕು ಹರಿದು ಹಾಕು, ಬರೆಯಲೇಬೇಕಿದ್ದರೆ ಅವರವರ ಕೈಯಲ್ಲೇ ಒಂದು ಚೀಟಿ ಬರೆಸು, ಅದನ್ನು ಅವರವರ ಮನೆಯ ಟ್ರಂಕಿನಲ್ಲಿ ಇಡಲಿ. ಮನೆಯ ಟ್ರಂಕು ಒಡೆಯಲು ಕಳ್ಳ ಕಲಬುರಗಿಗೇ ಬರಬೇಕಾಗುತ್ತದೆ. ಹುಡುಗ ಪಾಪ, "ಹೂಂ ಸರ್" ಅಂದ.

ನವೆಂಬರ್ ಬಂತು. ಪಿಂಚಣಿಗೆ, ಬದುಕಿದ್ದೇನೆ ಅಂತ ಪ್ರಮಾಣಪತ್ರ ಕೊಡಬೇಕು. ಆ್ಯಪ್ ತೆಗೆದೆ, ಪಾಸ್‌ವರ್ಡ್ ಅವಧಿ ಮುಗಿದಿದೆ ಅಂದಿತು. ಹೊಸದು ಹಾಕಲು ಹಳೆಯದು ಬೇಕಂತೆ. ಒಂಬತ್ತೋ ಹತ್ತೋ ನೆನಪಾಗಲಿಲ್ಲ. ಎರಡು ಸಲ ತಪ್ಪಿತು, ಮೂರನೆಯದಕ್ಕೆ ಧೈರ್ಯ ಬರಲಿಲ್ಲ. ಸೂಪರ್ ಮಾರ್ಕೆಟ್ಟಿಗೆ ಹೋಗಿ ಹುಡುಗನ ಮುಂದೆ ಕೂತೆ. ಅವನು ನನ್ನ ಮುಖ ನೋಡಿದ, ಮಾತಾಡಲಿಲ್ಲ. ಖಾನೆ ಎಳೆದು, ಪುಟ ತಿರುವಿ, ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿಟ್ಟ. ಹಿಂದಿನ ನವೆಂಬರಿನ ತಾರೀಖು, ನನ್ನ ಹೆಸರು, ಕೆಳಗೆ ಪಾಸ್‌ವರ್ಡು. ಅಕ್ಷರ ಹುಡುಗನದಲ್ಲ. ಸ್ಪೆಲ್ಲಿಂಗ್ ತಪ್ಪಾಗದಿರಲಿ ಅಂತ ನಾನೇ ಅವನ ಕೈಯಿಂದ ಪೆನ್ನು ಇಸಿದುಕೊಂಡು ಬರೆದಿದ್ದೆ, ಕೆಳಗೆ ಎರಡು ಗೆರೆ ಕೂಡ ಎಳೆದಿದ್ದೆ.

ನಮಸ್ಕಾರ.