ಆನಂದ ರಾವ್ ಕಳೆದುಹೋಗಿದ್ದಲ್ಲ, ಜನ ಅವರನ್ನ ಕಸ್ಕೊಂಡಿದ್ದು!

ನಮಸ್ಕಾರ ಶಿವಮೊಗ್ಗ! ಹೋದ ಸಲ ‘ಕೂರ್ಮಾವತಾರ’ ಸಿನಿಮಾ ಬಗ್ಗೆ ಎರಡು ಮಾತಾಡಿದ್ದೇ ತಡ, ಒಬ್ರು ಕಾಮೆಂಟ್‌ನಲ್ಲಿ ಬರೆದಿದಾರೆ: ‘ಗಾಂಧಿ ಪಾರ್ಟು ತಲೆಗೇರಿಸ್ಕೊಂಡ ಮುದುಕನ ಕಥೆ, ಅದ್ರಲ್ಲೇನಿದೆ?’ ಮೈಯೆಲ್ಲ ಉರಿದುಹೋಯ್ತು.

ತಲೆಗೇರಿಸ್ಕೊಂಡಿದ್ದು ಕಥೆಯ ಆನಂದ ರಾವ್ ಅಲ್ಲ ಸ್ವಾಮಿ, ಸುತ್ತಲಿನ ಜನ!

2011ರ ಸಿನಿಮಾ. ಕುಂ. ವೀರಭದ್ರಪ್ಪನವರ ಕಥೆ, ನಿರ್ದೇಶನ ನಮ್ಮ ತೀರ್ಥಹಳ್ಳಿ ಸೀಮೆಯ ಗಿರೀಶ್ ಕಾಸರವಳ್ಳಿ ಅವರದ್ದು. ರಾಷ್ಟ್ರಪ್ರಶಸ್ತಿ ಬಂದಿದೆ, ನೋಡಿದವರನ್ನ ಮಾತ್ರ ಹುಡುಕಬೇಕು. ಆನಂದ ರಾವ್ ರಿಟೈರ್‌ಮೆಂಟ್ ಹತ್ರ ಬಂದ ಸರ್ಕಾರಿ ನೌಕರ. ಮುಖ ಗಾಂಧಿ ಥರ ಇದೆ ಅಂತ ಟಿವಿ ಸೀರಿಯಲ್‌ನವರು ಕರ್ಕೊಂಡು ಹೋಗ್ತಾರೆ. ನಟನೆ ಬರಲ್ಲ, ಗಾಂಧಿ ಬಗ್ಗೆ ಒಲವೂ ಇಲ್ಲ. ಶಿಕಾರಿಪುರ ಕೃಷ್ಣಮೂರ್ತಿಯವರು ಆ ತಡವರಿಕೆಯನ್ನ ಎಷ್ಟು ಚೆನ್ನಾಗಿ ಮಾಡಿದಾರೆ ಅಂದ್ರೆ, ನೋಡೋರಿಗೇ ಸಂಕೋಚ ಆಗತ್ತೆ. ನಿಧಾನಕ್ಕೆ ಓದ್ತಾರೆ, ಕಲೀತಾರೆ. ಅಷ್ಟರಲ್ಲಿ ಜನಕ್ಕೆ ಅವರು ಆನಂದ ರಾವ್ ಆಗಿ ಕಾಣೋದೇ ನಿಂತುಹೋಗತ್ತೆ. ಮನೆಯವರಿಗೂ ಆ ಗಾಂಧಿ ಹೆಸರಿಂದ ಲಾಭ ಬೇಕು.

‘ನಮ್ಮ ಯಕ್ಷಗಾನದವರು ರಾತ್ರಿಯಿಡೀ ರಾವಣ ಆಗ್ತಾರಲ್ಲ, ಅವರಿಗೇನೂ ಆಗಲ್ವಲ್ಲ?’ ಅಂತೀರಾ? ಬೆಳಗಿನ ಜಾವ ಚೌಕಿಗೆ, ಅಂದ್ರೆ ಅವರು ಬಣ್ಣ ಹಚ್ಕೊಳ್ಳೋ ಜಾಗಕ್ಕೆ, ಹೋಗಿ ನೋಡಿ. ಕಿರೀಟ ಬಿಚ್ಚಿಟ್ಟು, ಕೊಬ್ಬರಿ ಎಣ್ಣೆ ಹಚ್ಚಿ, ಕೆನ್ನೆ ಮೇಲಿನ ಬಣ್ಣ ಉಜ್ಜಿ ಉಜ್ಜಿ ತೆಗೀತಾರೆ. ಹೊರಗೆ ಬಂದ್ರೆ ಊರಿನವರು ‘ಬನ್ನಿ ಭಟ್ರೇ, ಕಾಫಿ ಕುಡೀರಿ’ ಅಂತಾರೆ. ವೇಷ ಕಳಚೋಕೆ ಊರೇ ಬಿಡತ್ತೆ. ಆನಂದ ರಾವ್‌ಗೆ ಯಾರು ಬಿಟ್ರು? ಯಾರೂ ಬಿಡಲಿಲ್ಲ!

ಸಬ್‌ಸ್ಕ್ರೈಬ್ ಆಗದೇ ಇರೋರು ಈಗ್ಲೇ ಆಗಿ, ಗಂಟೆ ಒತ್ತಿ. ಸಣ್ಣ ಸಿನಿಮಾಗಳ ಬಗ್ಗೆ ನಮ್ಮ ಕಡೆ ಮಾತಾಡೋರು ಕಡಿಮೆ, ನಾನಂತೂ ಬಿಡಲ್ಲ.

ಇನ್ನು ‘ಸ್ಲೋ’ ಅನ್ನೋರು. ಮನುಷ್ಯ ಒಂದೇ ದಿನಕ್ಕೆ ಕಳೆದುಹೋಗ್ತಾನಾ? ಇವತ್ತು ಒಬ್ಬ ಕೈ ಮುಗೀತಾನೆ, ನಾಳೆ ಇನ್ನೊಬ್ಬ ಕಾಲಿಗೆ ಬೀಳ್ತಾನೆ. ಹಾಗೇ ಅಲ್ವಾ ಹೋಗೋದು? ಫೈಟ್ ಬೇಕಾ ನಿಮಗೆ? ಬೇರೆ ಕಡೆ ಹೋಗಿ, ಇಲ್ಲಿ ಬರಬೇಡಿ.

ಮತ್ತೆ ಹೇಳ್ತೀನಿ, ಆ ಮನುಷ್ಯನ ತಲೆ ಸರಿಯಾಗೇ ಇತ್ತು. ಕಸ್ಕೊಂಡಿದ್ದು ಜನ. ಜನ! ಇನ್ನೊಂದು ಸಲ ‘ತಲೆಕೆಟ್ಟ ಮುದುಕ’ ಅಂತ ಬರೆದ್ರೆ ಇನ್ನೊಂದು ವಿಡಿಯೋ ಮಾಡ್ತೀನಿ. ನಮ್ಮ ಕುವೆಂಪು ರಂಗಮಂದಿರದಲ್ಲಿ ಇದನ್ನ ಯಾರಾದ್ರೂ ಹಾಕಿಸ್ರಪ್ಪ, ಕುರ್ಚಿ ಹಾಕೋಕೆ ನಾನೇ ಬರ್ತೀನಿ.